ಪಾಠ ಹೇಳಲು ಉಸಿರು ಸಾಲದ ಮೇಷ್ಟ್ರು

ವಿಡಿಯೋ ತೆಗೆಯೋದು, ಸಂದರ್ಶನ ಮಾಡೋದು, ಎಡಿಟ್ ಮಾಡೋದು, ಇವನ್ನೆಲ್ಲ ಶಾಲೆಯ ಮೇಷ್ಟ್ರು ಯಾಕೆ ಕಲಿಯಬೇಕು? ಅದು ಟಿವಿಯವರ ಕೆಲಸ, ಇವರು ಪಾಠ ಮಾಡಿದರೆ ಸಾಕು ಅನ್ನೋರೇ ಜಾಸ್ತಿ. ಆದರೆ ಪತ್ರಕರ್ತರ ಉಪಕರಣ ತರಗತಿಗೆ ಕಾಲಿಟ್ಟು ನೂರು ವರ್ಷ ದಾಟಿದೆ.

ಫ್ರಾನ್ಸಿನ ಸೆಲೆಸ್ತಾಂ ಫ್ರೆನೆ ಎಂಬ ಮೇಷ್ಟ್ರ ಕತೆ ಕೇಳಿ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅವರ ಶ್ವಾಸಕೋಶಕ್ಕೆ ಗುಂಡು ತಗುಲಿತು. 1920ರಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಸೇರಿದಾಗ ಗಂಟೆಗಟ್ಟಲೆ ಪಾಠ ಹೇಳಲು ಉಸಿರೇ ಸಾಲುತ್ತಿರಲಿಲ್ಲ. ಸರಿ, ಮಕ್ಕಳನ್ನು ಕರೆದುಕೊಂಡು ಊರು ಸುತ್ತಲು ಹೊರಟರು. ನೇಕಾರನ ಮಗ್ಗ, ಬಡಗಿಯ ಕೆಲಸ ಎಲ್ಲ ನೋಡಿ ಬಂದು, ಮಕ್ಕಳು ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆಯೋದು. ಆದರೆ ಬೋರ್ಡು ಒರೆಸಿದರೆ ಮುಗೀತಲ್ಲ! ಅದಕ್ಕೆ 1924ರಲ್ಲಿ ಒಂದು ಪುಟ್ಟ ಅಚ್ಚುಯಂತ್ರ ತಂದರು. ಮೊಳೆ ಜೋಡಿಸೋದನ್ನು ತಾವೂ ಕಲಿತು ಮಕ್ಕಳಿಗೂ ಕಲಿಸಿದರು. ಮುಂದೆ ಆ ಹಾಳೆಗಳು ಅಂಚೆಯಲ್ಲಿ ವಾಯವ್ಯ ಫ್ರಾನ್ಸಿನ ಕಡಲತೀರದ ಶಾಲೆಗೆ ಹೋದವು. ಅಲ್ಲಿಯ ಮಕ್ಕಳು ತಮ್ಮ ಊರಿನ ಸುದ್ದಿ ಕಳಿಸಿದರು.

ಅಚ್ಚಿನ ಬೆನ್ನಿಗೇ ಸಿನಿಮಾ ಬಂತು. ಫ್ರೆನೆ ಬಳಗ 1927ರಲ್ಲಿ ಶಾಲೆಗಳಿಗಾಗಿ ಸಹಕಾರಿ ಚಿತ್ರಭಂಡಾರ ಕಟ್ಟಿತು. 1930ರ ದಶಕದ ಆರಂಭದಲ್ಲಿ ಇವರ ಸಹಕಾರ ಸಂಘಕ್ಕಾಗಿ ಈವ್ ಅಲೆಗ್ರೆ ಒಂದು ಕಿರುಚಿತ್ರ ತೆಗೆದರು. ರೈತನ ಆಲೂಗಡ್ಡೆ ಪಟ್ಟಣದವರ ತಟ್ಟೆ ಸೇರುವಷ್ಟರಲ್ಲಿ ಬೆಲೆ ಹೇಗೆ ಏರುತ್ತೆ, ನಡುವೆ ಲಾಭ ಯಾರಿಗೆ ಅನ್ನೋದೇ ಅದರ ಕತೆ. ಅರ್ಥಶಾಸ್ತ್ರದ ಪಾಠವೂ ಹೌದು, ವರದಿಯೂ ಹೌದು.

ಇದಕ್ಕೆ ಬೆಲೆ ತೆರಬೇಕಾಯಿತು. ಆಗ ಅವರು ಸೇಂಟ್-ಪಾಲ್ ಎಂಬ ಊರಿನಲ್ಲಿದ್ದರು. ಊರಿನ ಮೇಯರನ್ನು ಕೊಂದಂತೆ ಕನಸು ಕಂಡೆ ಅಂತ ಹುಡುಗನೊಬ್ಬ ಬರೆದದ್ದು ಶಾಲೆಯಲ್ಲಿ ಅಚ್ಚಾಗಿತ್ತು. 1932ರ ಕೊನೆಯಲ್ಲಿ ಅದನ್ನೇ ಎತ್ತಿಕೊಂಡು ವಿರೋಧಿಗಳು ಗೋಡೆಗಳಿಗೆ ಪೋಸ್ಟರ್ ಅಂಟಿಸಿದರು. ಗಲಾಟೆ ಬೆಳೆದು 1933ರಲ್ಲಿ ಫ್ರೆನೆ ಸರ್ಕಾರಿ ಶಾಲೆ ಬಿಡಬೇಕಾಯಿತು. 1935ರಲ್ಲಿ ವಾನ್ಸ್‌ನಲ್ಲಿ ತಮ್ಮದೇ ಶಾಲೆ ತೆರೆದರು ಅನ್ನಿ.

ವಿಡಿಯೋ ಬಂದಮೇಲೆ ಇದೇ ಕತೆ ಬೇರೆ ಕಡೆ ಮುಂದುವರಿಯಿತು. 1984ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟೀವ್ ಗುಡ್‌ಮನ್ ಎಜುಕೇಶನಲ್ ವಿಡಿಯೋ ಸೆಂಟರ್ ಶುರು ಮಾಡಿದರು. ಹೈಸ್ಕೂಲು ಹುಡುಗರು ಕ್ಯಾಮರಾ ಹಿಡಿದು ತಮ್ಮದೇ ಬಡಾವಣೆಯ ಕಷ್ಟಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡತೊಡಗಿದರು. ಈ ವಿದ್ಯೆಯನ್ನು ಸಂಸ್ಥೆ ಮೇಷ್ಟ್ರುಗಳಿಗೂ ಕಲಿಸಿತು.

ನನಗನ್ನಿಸೋದು ಇಷ್ಟೇ. ಈಗ ಕ್ಯಾಮರಾ ಒತ್ತೋದನ್ನು ಮಕ್ಕಳೇ ನಮಗೆ ಕಲಿಸಿಬಿಡ್ತಾರೆ. ಮೇಷ್ಟ್ರು ಪತ್ರಕರ್ತರಿಂದ ಕಲಿಯಬೇಕಾದದ್ದು ಬೇರೆ: ಪ್ರಶ್ನೆ ಕೇಳೋದು, ಉತ್ತರಕ್ಕೆ ಕಾಯೋದು, ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ಪರೀಕ್ಷಿಸೋದು. ಫ್ರೆನೆಗೆ ಉಸಿರು ಸಾಲದೆ ಮಕ್ಕಳಿಗೆ ಮಾತಾಡುವ ಅವಕಾಶ ಸಿಕ್ಕಿತು. ಗಟ್ಟಿ ಗಂಟಲಿನ ಮೇಷ್ಟ್ರುಗಳು ಅದನ್ನು ಬೇಕೆಂದೇ ಬಿಟ್ಟುಕೊಡಬೇಕು. ಕಷ್ಟ ಇರೋದು ಅಲ್ಲೇ, ಏನಂತೀರಿ?