ಥಿಂಕಿಂಗ್ ಹೆಲ್ದಿ ಕಾರ್ಯಕ್ರಮ

ಗರ್ಭಿಣಿಯರ ಹಾಗೂ ಬಾಣಂತಿಯರ ಖಿನ್ನತೆಗೆ ಔಷಧವಿಲ್ಲದೆ, ಮಾತುಕತೆಯ ಮೂಲಕ ನೀಡುವ ಚಿಕಿತ್ಸಾಕ್ರಮ. ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಸಂಗಡಿಗರು ಇದನ್ನು ಪಾಕಿಸ್ತಾನದ ರಾವಲ್ಪಿಂಡಿ ಸೀಮೆಯ ಹಳ್ಳಿಗಳಲ್ಲಿ ರೂಪಿಸಿದರು. ಮನೋವೈದ್ಯರು ಅಪರೂಪವಾದ ಆ ಊರುಗಳಲ್ಲಿ ಹೊಣೆ ಹೊತ್ತವರು ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ‘ಲೇಡಿ ಹೆಲ್ತ್ ವರ್ಕರ್’ಗಳು. ಹೆರಿಗೆಯ ಹಿಂದಿನ ತಿಂಗಳಿಂದ ತೊಡಗಿ ಒಟ್ಟು 16 ಸಲ ಅವರು ತಾಯಿಯ ಮನೆಗೆ ಹೋಗುತ್ತಿದ್ದರು. ಕಾಯಿಲೆಯ ಹಣೆಪಟ್ಟಿ ಹಚ್ಚದೆ, ಮಗುವಿನ ಒಳಿತಿನಿಂದಲೇ ಮಾತು ಆರಂಭಿಸುತ್ತಿದ್ದರು. ಅತ್ತೆ, ಗಂಡ ಎಲ್ಲರನ್ನೂ ಒಳಗೊಳ್ಳಲು ಇದೇ ದಾರಿಯಾಯಿತು. ಕ್ರಮದ ಜಾಣ್ಮೆಯಿರುವುದೂ ಇಲ್ಲಿಯೇ.

2008ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಕ್ರಮದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮಗುವಿಗೆ ಆರು ತಿಂಗಳಾದಾಗ ಈ ಚಿಕಿತ್ಸೆ ಪಡೆದ ತಾಯಂದಿರಲ್ಲಿ ಶೇ. 23ರಷ್ಟು ಮಂದಿಗೆ ಖಿನ್ನತೆ ಉಳಿದಿತ್ತು; ಪಡೆಯದವರಲ್ಲಿ ಶೇ. 53. ಶಿಶುಗಳಲ್ಲಿ ಭೇದಿ ಕಡಿಮೆಯಾಗಿತ್ತು, ಲಸಿಕೆ ಹೆಚ್ಚು ಮಕ್ಕಳಿಗೆ ತಲುಪಿತ್ತು, ತಂದೆತಾಯಿ ಇಬ್ಬರೂ ಮಗುವಿನೊಡನೆ ಹೆಚ್ಚು ಹೊತ್ತು ಆಡುತ್ತಿದ್ದರು. ಆದರೆ ಮಕ್ಕಳ ತೂಕ, ಎತ್ತರಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸುಮಾರು ಏಳರ ಪ್ರಾಯದಲ್ಲಿ ಅವೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗಲೂ ಬೆಳವಣಿಗೆಯಲ್ಲಿ ಎರಡೂ ಗುಂಪುಗಳು ಸರಿಸಮವಾಗಿದ್ದವು. ಹಾಗೆಂದು ತಾಯಿಗೆ ದೊರೆತ ನೆಮ್ಮದಿಯ ಬೆಲೆ ಕುಗ್ಗುವುದಿಲ್ಲ. ಅದು ಅವಳ ಸ್ವಂತ ಹಕ್ಕು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದರ ಕೈಪಿಡಿ ಹೊರತಂದಿತು. ಗೋವಾದಲ್ಲಿ ಸ್ಥಳೀಯ ಮಹಿಳೆಯರೇ ತರಬೇತಿ ಪಡೆದು ಇದರ ಸರಳ ರೂಪವನ್ನು ತಾಯಂದಿರಿಗೆ ತಲುಪಿಸಿದ್ದಾರೆ.