ಮೊಂಡುಕಾಯದ ಹಿಂದಣ ಸುಳಿಗಳು: ಹೀರುವಿಕೆಯಿಂದ ಮಿಡಿಯುವ ಧಾರೆಯವರೆಗೆ

ಜಮಖಂಡಿಯ ಬಳಿ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ನಾಡಿನಲ್ಲಿ ಪ್ರಸಿದ್ಧವಾಗಿದೆ. ಹೊಳೆ ತುಂಬಿ ಹರಿಯುವಾಗ ಇಂಥ ಕಟ್ಟಡದ ಕಂಬಗಳನ್ನಾಗಲಿ, ಮುಧೋಳದ ಕಡೆಯ ಘಟಪ್ರಭೆಯ ಸೇತುವೆಗಳನ್ನಾಗಲಿ ನೋಡಿದವರಿಗೆ, ನೀರು ಮುಂದೆ ಇಬ್ಭಾಗವಾಗಿ ಹಿಂದೆ ಸುಳಿಗಟ್ಟುವ ಪರಿ ಹೊಸತಲ್ಲ. ಈ ಸೀಮೆಯ ಸಕ್ಕರೆ ಕಾರ್ಖಾನೆಗಳ ಹೊಗೆಗೊಳವೆಗಳ ಹಿಂದೆ ಗಾಳಿಯೂ ಹೀಗೆಯೇ ಸುಳಿಯುತ್ತದೆ; ಆದರೆ ಅದು ಕಣ್ಣಿಗೆ ಕಾಣದು. ಈ ಸುಳಿಗಳನ್ನು ಅಂಕೆಯಲ್ಲಿಡುವ ಯತ್ನದ ಇತಿಹಾಸವೇ ಪ್ರಸ್ತುತ ಲೇಖನದ ವಿಷಯ.

ಗಾಳಿಗೆ ಒಡ್ಡಿದ ತಂತಿಯ ನಾದವನ್ನು ಸ್ಟ್ರೌಹಾಲ್ 1878ರಲ್ಲಿ ಅಳೆದನು. ಎಡಬಲಗಳಲ್ಲಿ ಪರ್ಯಾಯವಾಗಿ ಕಳಚುವ ಸುಳಿಗಳ ಸಾಲನ್ನು ಕಾರ್ಮಾನನು 1911-12ರಲ್ಲಿ ಗಣಿತದಿಂದ ವಿವರಿಸಿದನು. ಸೆಕೆಂಡಿಗೆ 10 ಮೀಟರು ವೇಗದ ಗಾಳಿಯಲ್ಲಿ 2 ಮೀಟರು ವ್ಯಾಸದ ಹೊಗೆಗೊಳವೆಯ ಹಿಂದೆ ಸೆಕೆಂಡಿಗೆ ಸುಮಾರು ಒಂದು ಜೋಡಿ ಸುಳಿ ಹುಟ್ಟುತ್ತದೆ. ಈ ಲಯವು ಗೊಳವೆಯ ಸಹಜ ಕಂಪನದೊಡನೆ ಕೂಡಿದರೆ ಅಪಾಯ ತಪ್ಪಿದ್ದಲ್ಲ.

ಸುಳಿಗಳ ಮೂಲಕಾರಣವನ್ನು 1904ರಲ್ಲಿ ಪ್ರಾಂಟಲ್ ತೋರಿಸಿಕೊಟ್ಟನು. ಮೈಗೆ ಅಂಟಿ ಹರಿಯುವ ತೆಳುವಾದ ಸೀಮಾಸ್ತರವು ವೇಗಗುಂದಿ ಬೇರ್ಪಡುವುದೇ ಆ ಕಾರಣ. ಸಿಲಿಂಡರಿನ ಒಂದು ಪಕ್ಕದ ಸೀಳಿನಿಂದ ಆ ಸ್ತರವನ್ನು ಹೀರಿದಾಗ ಹರಿವು ಮೈಬಿಡದೆ ಸಾಗಿತು. ಆದರೆ ಹೀರುವುದಕ್ಕೆ ಪಂಪು ಬೇಕು, ಕೊಳವೆ ಬೇಕು; ಅವುಗಳ ಭಾರವನ್ನೂ ಹೊರಬೇಕು.

ಈ ವಿದ್ಯೆಯ ಒಂದು ಕವಲು ಕನ್ನಡನಾಡಿಗೂ ಬಂದಿತು. ಪ್ರಾಂಟಲನ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪಡೆದ ವಿ. ಎಂ. ಘಾಟಗೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗದ ಮೊದಲಿಗರು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕರೂ ಅವರೇ. ಅದೇ ವರ್ಷ ಅಲ್ಲಿಗೆ ಬಂದ ಸತೀಶ ಧವನ್ ಗಾಳಿಸುರಂಗಗಳನ್ನು ಬೆಳೆಸಿದರು; ಶಿಷ್ಯರಾದ ರೊದ್ದಂ ನರಸಿಂಹರೊಡನೆ ಸೀಮಾಸ್ತರದ ಸ್ಥಿತ್ಯಂತರವನ್ನು ಕುರಿತು 1958ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಮಿಡಿಯುವ ಧಾರೆಯು 1990ರ ದಶಕದಲ್ಲಿ, ಮುಖ್ಯವಾಗಿ ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯಲ್ಲಿ ಆರಿ ಗ್ಲೇಜರ್ ಮತ್ತು ಅವರ ಸಂಗಡಿಗರಿಂದ, ಪರಿಷ್ಕಾರ ಪಡೆಯಿತು. ಮೈಯೊಳಗೆ ಒಂದು ಪುಟ್ಟ ಕುಹರ, ಅದರ ತಳದಲ್ಲಿ ಕಂಪಿಸುವ ಪೊರೆ, ಬಾಯಲ್ಲೊಂದು ಸೀಳು, ಸಾಧನವೆಂದರೆ ಇಷ್ಟೆ. ಪೊರೆಯು ಕೆಳಗಿಳಿದಾಗ ಸುತ್ತಲಿನ ಗಾಳಿ ಒಳಬರುತ್ತದೆ, ಮೇಲೆದ್ದಾಗ ಸುಳಿಯಾಗಿ ಹೊರಚಿಮ್ಮುತ್ತದೆ. ಒಟ್ಟಿನಲ್ಲಿ ಗಾಳಿಯ ಮೊತ್ತ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಚಲನೆಯ ಬಲ ಮಾತ್ರ ಹರಿವಿಗೆ ಸಲ್ಲುತ್ತದೆ. ಮಿಡಿತವನ್ನು ಸುಳಿಗಳ ಲಯಕ್ಕೆ ಹೊಂದಿಸಿದರೆ ಅವುಗಳ ಕ್ರಮವನ್ನು ಬದಲಿಸಬಹುದು. ಲಯಕ್ಕಿಂತ ಹಲವು ಪಟ್ಟು ತ್ವರಿತಗೊಳಿಸಿದರೆ ಹರಿವು ಕಾಯದ ಆಕಾರವೇ ಬೇರೆಯೆಂಬಂತೆ ಸಾಗುತ್ತದೆ.

ಹೊಗೆಗೊಳವೆಗೆ ಸುರುಳಿಯಾಗಿ ಸುತ್ತಿದ ಲೋಹದ ಪಟ್ಟಿ ಸಾಲುತ್ತದೆ. ಆದರೆ ಅದು ಗಾಳಿಯ ಎಳೆತವನ್ನು ಸದಾಕಾಲ ಹೆಚ್ಚಿಸುತ್ತದೆ. ವೇಗವೂ ದಿಕ್ಕೂ ಬದಲಾಗುತ್ತಿರುವ ವಾಹನ ವಿಮಾನಗಳಲ್ಲಿ, ಬೇಕಾದಾಗ ಮಿಡಿದು ಬೇಡವಾದಾಗ ಸುಮ್ಮನಿರುವ ಧಾರೆಗೇ ಬೆಲೆ ಹೆಚ್ಚು. ಉಳಿದ ಶಕ್ತಿಯು ಮಿಡಿತಕ್ಕೆ ವ್ಯಯಿಸಿದ ಶಕ್ತಿಗಿಂತ ಅಧಿಕವಾಗಬೇಕೆಂಬುದೇ ಇಲ್ಲಿ ಒರೆಗಲ್ಲು. ಪ್ರಾಂಟಲನು ಹರಿವಿನಿಂದ ಕಳೆದು ಸಾಧಿಸಿದುದನ್ನು, ಕಳೆಯದೆ ಕೂಡದೆ, ಹೊತ್ತರಿತು ತಟ್ಟಿ ಸಾಧಿಸುವುದನ್ನು ಈ ವಿದ್ಯೆಯು ತೊಂಬತ್ತು ವರ್ಷಗಳಲ್ಲಿ ಕಲಿತಿತೆಂದು ಹೇಳಬೇಕಾಗುತ್ತದೆ.