ನಗದು, ಚೆಕ್ಕು, ಖಾತೆ: ರಾವಂದೂರು ಸೀಮೆಯ ಹಣಪಾವತಿಯ ಸ್ಥಿತ್ಯಂತರ

ಹಣವು ಕೈಯಿಂದ ಕೈಗೆ ದಾಟುವ ರೀತಿಯು ಸಮಾಜವೊಂದರ ನಂಬಿಕೆಯ ಇತಿಹಾಸವೂ ಆಗಿರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯಂತಹ ತಂಬಾಕು ಸೀಮೆಯಲ್ಲಿ ಈ ಇತಿಹಾಸವನ್ನು ನಗದು, ಚೆಕ್ಕು ಮತ್ತು ಖಾತೆ ಎಂಬ ಮೂರು ಘಟ್ಟಗಳಲ್ಲಿ ಗುರುತಿಸಬಹುದು.

ಚೆಕ್ಕಿಗೆ ಶಾಸನದ ಬಲ ದೊರೆತದ್ದು 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. ಆದರೂ ರೈತನ ವ್ಯವಹಾರವು ಸಂತೆಯ ನಗದು ಮತ್ತು ಅಂಗಡಿಯ ಉದ್ರಿ ಲೆಕ್ಕದಲ್ಲಿಯೇ ನಡೆಯುತ್ತಿತ್ತು. 1969ರ ಬ್ಯಾಂಕ್ ರಾಷ್ಟ್ರೀಕರಣ ಹಾಗೂ 1976ರಲ್ಲಿ ಹುಟ್ಟಿದ ಕಾವೇರಿ ಗ್ರಾಮೀಣ ಬ್ಯಾಂಕು ಈ ಭಾಗದ ಹಳ್ಳಿಗಳ ಕಡೆಗೆ ಬ್ಯಾಂಕಿಂಗ್ ಅನ್ನು ತಂದವು.

ತಂಬಾಕು ಮಂಡಳಿಯು ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು 1984ರಲ್ಲಿ ಆರಂಭಿಸಿದ್ದು ನಿರ್ಣಾಯಕ ತಿರುವು. ಅದಕ್ಕೆ ಮುನ್ನ ದರವೂ ಪಾವತಿಯ ಗಡುವೂ ಬಹುಮಟ್ಟಿಗೆ ಖರೀದಿದಾರನ ಕೈಯಲ್ಲಿದ್ದವು. ಹರಾಜಿನಲ್ಲಿ ಬೇಲಿನ ತೂಕ, ದರ್ಜೆ, ದರಗಳು ದಾಖಲಾಗಿ ಹಣವು ಬ್ಯಾಂಕಿನ ಮೂಲಕ ಬರುವುದು ರೂಢಿಯಾಯಿತು. ಬೆಳೆಸಾಲದ ಕಂತು ಸಹ ಅದೇ ಹಣದಿಂದ ಕಡಿತವಾಗತೊಡಗಿತು. ದಾಖಲೆಯು ರೈತನಿಗೆ ರಕ್ಷಣೆ ನೀಡಿತಾದರೂ, ಹಣವನ್ನು ಮೊದಲು ಯಾವ ಅಗತ್ಯಕ್ಕೆ ವಿನಿಯೋಗಿಸಬೇಕೆಂಬ ಆಯ್ಕೆಯನ್ನು ಅವನಿಂದ ಕಿತ್ತುಕೊಂಡಿತು.

ಚೆಕ್ಕಿನ ಹಣ ಕೈಸೇರಲು ದಿನಗಳು ಬೇಕಿದ್ದವು. ಅದು ಮರಳುವ ಭಯವೂ ಇತ್ತು. 1989ರ ಏಪ್ರಿಲಿನಿಂದ ಚೆಕ್ ಅಮಾನ್ಯವು ಶಿಕ್ಷಾರ್ಹ ಅಪರಾಧವಾದದ್ದು ಈ ಭಯಕ್ಕೆ ಸಾಕ್ಷಿ. 2005ರ ನೆಫ್ಟ್ ಮತ್ತು 2016ರ ಯುಪಿಐ ವ್ಯವಸ್ಥೆಗಳು ಚೆಕ್ಕಿನ ಅಗತ್ಯವನ್ನೇ ಕುಗ್ಗಿಸಿದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ವಿಲೀನಗೊಂಡ ಬಳಿಕ ಆ ಹೆಸರಿನ ಚೆಕ್ಕುಗಳೂ ಚಲಾವಣೆ ಕಳೆದುಕೊಂಡವು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯು ಮಾಸಿಕ 2000 ರೂಪಾಯಿಯನ್ನು ಮನೆಯೊಡತಿಯ ಖಾತೆಗೇ ಜಮಾ ಮಾಡುವ ಮೂಲಕ ಖಾತೆಯ ಅರ್ಥವನ್ನು ಮತ್ತಷ್ಟು ವಿಸ್ತರಿಸಿತು.

ಹಾಗೆಂದು ನಗದು ಅಳಿಯಿತೆನ್ನುವುದು ಸರಿಯಲ್ಲ. 2016ರ ನೋಟು ರದ್ದತಿಯ ವೇಳೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಸುಮಾರು 17.7 ಲಕ್ಷ ಕೋಟಿ ರೂಪಾಯಿ. 2024ರ ಮಾರ್ಚಿಗೆ ಅದು ಸುಮಾರು 34.8 ಲಕ್ಷ ಕೋಟಿ. ಕುಗ್ಗಿದ್ದು ನಗದಿನ ಮೊತ್ತವಲ್ಲ, ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಅದಕ್ಕಿದ್ದ ಪಾಲು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಕೆಲವು ಸಣ್ಣ ವರ್ತಕರು ನಗದಿಗೆ ಹಿಂದಿರುಗಿದ್ದೂ ಗಮನಾರ್ಹ.

ನಗದಿನ ಗುಣ ಕುರುಹು ಉಳಿಸದಿರುವುದು. ಖಾತೆಯ ಗುಣ ಕುರುಹು ಉಳಿಸುವುದು. ತೂಕದ ಮೋಸಕ್ಕೆ ಅಂಜುವ ಬೆಳೆಗಾರನಿಗೆ ಕುರುಹು ಬೇಕು. ಸಾಲಕ್ಕೂ ತೆರಿಗೆಗೂ ಅಂಜುವವನಿಗೆ ಅದೇ ಕುರುಹು ಹೊರೆ. ಈ ಸ್ಥಿತ್ಯಂತರವನ್ನು ತಂತ್ರಜ್ಞಾನದ ಮುನ್ನಡೆಯೆಂದಷ್ಟೇ ನೋಡದೆ, ಲೆಕ್ಕವು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯಾಗಿ ಪರಿಶೀಲಿಸುವುದು ಅವಶ್ಯ.